ಮಾರುಕಟ್ಟೆಗೆ ಬಂದ ಮಾನವಶಾಸ್ತ್ರ

ಕೆಲವು ತಿಂಗಳ ಹಿಂದೆ ಬೆಂಗಳೂರಿನ ನಮ್ಮ ಮನೆಗೆ ಒಬ್ಬ ತರುಣ ಮತ್ತು ಒಬ್ಬ ತರುಣಿ ಬಂದು ಅರ್ಧ ದಿನ ಇದ್ದು ಹೋದರು. ಬಟ್ಟೆ ಒಗೆಯುವ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರ ಪರವಾಗಿ ಬಂದಿದ್ದ ಅವರು ಪರಿಚಿತರೊಬ್ಬರ ಮೂಲಕ ಮೊದಲೇ ಅನುಮತಿ ಪಡೆದಿದ್ದರು. ಅವರ ಬಳಿ ಪ್ರಶ್ನಾವಳಿ ಇರಲಿಲ್ಲ. ‘ನೀವು ದಿನದ ಕೆಲಸ ಮಾಡಿಕೊಂಡಿರಿ, ನಾವು ಸುಮ್ಮನೆ ನೋಡುತ್ತಿರುತ್ತೇವೆ’ ಎಂದರು. ಸಣ್ಣದೊಂದು ಕ್ಯಾಮೆರಾ ಇತ್ತು. ಕಾಗದವೊಂದಕ್ಕೆ ನನ್ನ ಪತ್ನಿಯ ಸಹಿ ಪಡೆದು, ಯಂತ್ರವಿದ್ದ ಹಿಂಬದಿಯ ಜಗಲಿಯಲ್ಲಿ ನಿಂತರು.

ಕಾಫಿ ಕುಡಿಯುವಾಗ ಈ ಪದ್ಧತಿಯ ಹೆಸರೇನೆಂದು ಕೇಳಿದೆ. ‘ಎಥ್ನೋಗ್ರಫಿ, ಸರ್’ ಎಂದು ಇಬ್ಬರೂ ಒಟ್ಟಿಗೇ ಉತ್ತರಿಸಿದರು. ಹಾಗೆಂದರೇನು ಎಂಬ ಮುಂದಿನ ಪ್ರಶ್ನೆಗೆ ಮಾತ್ರ ಎರಡು ಬೇರೆ ಉತ್ತರಗಳು ಬಂದವು. ವಿನ್ಯಾಸ ಕಲಿತಿದ್ದ ತರುಣಿಯ ಪ್ರಕಾರ, ಜನರು ಯಂತ್ರವನ್ನು ಬಳಸುವಾಗ ಎಲ್ಲಿ ತಡವರಿಸುತ್ತಾರೆಂದು ಕಂಡುಕೊಳ್ಳುವುದೇ ಎಥ್ನೋಗ್ರಫಿ. ಎಂಬಿಎ ಓದಿದ್ದ ತರುಣನ ಪ್ರಕಾರ, ಗ್ರಾಹಕರು ಬಾಯಿಬಿಟ್ಟು ಹೇಳಲಾರದ ಬಯಕೆಗಳನ್ನು ಪತ್ತೆ ಹಚ್ಚುವುದು. ಒಂದೇ ಕಂಪನಿಯಿಂದ ಹಣ ಪಡೆದು ಒಂದೇ ಜಗಲಿಯಲ್ಲಿ ನಿಂತಿದ್ದವರು ಎರಡು ಬೇರೆ ಕೆಲಸಗಳನ್ನು ಮಾಡುತ್ತಿದ್ದರು.

ಅವರು ಹೋದ ಮೇಲೆ ನನ್ನ ಪತ್ನಿ, ‘ಕೇಳಬೇಕಾದವರನ್ನು ಅವರು ಕೇಳಲೇ ಇಲ್ಲ’ ಎಂದಳು. ನಮ್ಮ ಮನೆಯಲ್ಲಿ ಆ ಯಂತ್ರವನ್ನು ಬಳಸುವವಳು ಮನೆಗೆಲಸಕ್ಕೆ ಬರುವ ಹೆಣ್ಣುಮಗಳು. ಅಂಗಿಗಳ ಕಾಲರು, ತೋಳುಗಳನ್ನು ಮೊದಲು ಒಗೆಯುವ ಕಲ್ಲಿನ ಮೇಲೆ ಸೋಪು ಹಚ್ಚಿ ಉಜ್ಜಿ, ಆಮೇಲಷ್ಟೇ ಯಂತ್ರಕ್ಕೆ ಹಾಕುತ್ತಾಳೆ. ಅಂದೂ ಹಾಗೆಯೇ ಮಾಡಿದಳು. ಅದನ್ನೆಲ್ಲ ಚಿತ್ರೀಕರಿಸಿಕೊಂಡವರು ಪ್ರಶ್ನೆಗಳನ್ನು ಮಾತ್ರ ನನ್ನ ಪತ್ನಿಗೆ ಕೇಳಿದ್ದರು.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದ ನಾನು ಅಂಕಿಅಂಶಗಳನ್ನು ನಂಬಿ ಬೆಳೆದವನು. ಈ ಪುಟ್ಟ ಪ್ರಸಂಗ ನನ್ನನ್ನು ಮತ್ತೆ ಪುಸ್ತಕಗಳತ್ತ ಕರೆದೊಯ್ದಿತು. ಜನಾಂಗ ವಿವರಣೆ ಎಂದು ನಾವು ಕನ್ನಡದಲ್ಲಿ ಹೇಳುವ ಈ ವಿಧಾನವನ್ನು ಬೇರೆ ಬೇರೆ ವೃತ್ತಿಗಳು ತಮಗೆ ಬೇಕಾದಂತೆ ಕತ್ತರಿಸಿ ಉಟ್ಟುಕೊಂಡಿರುವ ಬಗೆ ಕುತೂಹಲಕರವಾಗಿದೆ. ಅಷ್ಟೇ ಯೋಚನೆಗೆ ಹಚ್ಚುವಂಥದ್ದೂ ಆಗಿದೆ.

ಈ ವಿಧಾನ ರೂಪುಗೊಂಡದ್ದು ಮಾರುಕಟ್ಟೆಯಿಂದ ಬಹುದೂರದಲ್ಲಿ. ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ ಪಶ್ಚಿಮ ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಡೇರೆ ಹಾಕಿಕೊಂಡು, ಸ್ಥಳೀಯರ ಭಾಷೆ ಕಲಿತು, ಅವರ ನಡುವೆಯೇ ಬದುಕಿದರು. ಚಿಪ್ಪಿನ ಹಾರಗಳನ್ನೂ ಕಡಗಗಳನ್ನೂ ದ್ವೀಪದಿಂದ ದ್ವೀಪಕ್ಕೆ ದಾಟಿಸುವ ಅವರ ವಿನಿಮಯ ಪದ್ಧತಿಯನ್ನು ಲಾಭದ ಲೆಕ್ಕಾಚಾರವೊಂದರಿಂದಲೇ ಅರ್ಥ ಮಾಡಿಕೊಳ್ಳಲಾಗದು ಎಂದು 1922ರಲ್ಲಿ ಪ್ರಕಟವಾದ ಅವರ ಗ್ರಂಥ ತೋರಿಸಿತು. ನಮ್ಮವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ವಾಸ ಮಾಡಿದರು. ಊರ ಮುಖ್ಯಸ್ಥನಿಗೆ ಸೇರಿದ ಎತ್ತಿನ ಮನೆಯೇ ಅವರ ಬಿಡಾರವಾಗಿತ್ತು. ರಾಂಪುರ ಎಂಬ ಕಲ್ಪಿತ ಹೆಸರಿನಿಂದ ಆ ಹಳ್ಳಿ ಜಗತ್ತಿನ ಸಮಾಜಶಾಸ್ತ್ರಜ್ಞರಿಗೆಲ್ಲ ಪರಿಚಿತವಾಯಿತು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ಅವರು ಸಂಸ್ಕರಿಸಿ ಇಟ್ಟುಕೊಂಡಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆದರೂ ಬಹುಮಟ್ಟಿಗೆ ನೆನಪಿನ ಬಲದಿಂದಲೇ ಬರೆದ ಅವರ ಪುಸ್ತಕ 1976ರಲ್ಲಿ ಹೊರಬಂದಿತು. ಟಿಪ್ಪಣಿ ಸುಟ್ಟರೂ ಊರು ಉಳಿಯಿತು ಎಂದರೆ, ಎಷ್ಟು ದಿನ, ಎಷ್ಟು ಹತ್ತಿರದಿಂದ ನೋಡಿದ್ದಿರಬೇಕು!

ಇಂಥ ಅಧ್ಯಯನಕ್ಕೆ ಕಾಲಾವಧಿ ಬೇಕು, ತಾಳ್ಮೆ ಬೇಕು. ಅದಕ್ಕಿಂತ ಮುಖ್ಯವಾದ ಇನ್ನೊಂದು ಲಕ್ಷಣವಿದೆ. ಅಧ್ಯಯನಕಾರ ಹೊತ್ತು ತಂದ ಪ್ರಶ್ನೆಯೇ ಜನರ ನಡುವೆ ಇದ್ದು ಇದ್ದು ಬದಲಾಗಬೇಕು. ಸಮೀಕ್ಷೆಯಲ್ಲಿ ಪ್ರಶ್ನೆ ಸ್ಥಿರವಾಗಿರುತ್ತದೆ, ಉತ್ತರಗಳು ಬದಲಾಗುತ್ತವೆ. ಇಲ್ಲಿ ಪ್ರಶ್ನೆಗೂ ಸ್ಥಿರತೆಯಿಲ್ಲ. ವಾಣಿಜ್ಯ ಜಗತ್ತು ಈ ವಿಧಾನದಿಂದ ಏನನ್ನು ತೆಗೆದುಕೊಂಡಿತು, ಏನನ್ನು ಕೈಬಿಟ್ಟಿತು ಎಂಬುದನ್ನು ಅಳೆಯಲು ಇದೇ ಸರಿಯಾದ ಅಳತೆಗೋಲು ಎಂದು ನನಗನ್ನಿಸುತ್ತದೆ.

ಈ ವಿಧಾನವನ್ನು ಕಾರ್ಖಾನೆಯೊಳಕ್ಕೆ ಮೊದಲು ಕರೆತಂದವರು ನಿರ್ವಹಣಾಶಾಸ್ತ್ರದವರು. ಶಿಕಾಗೋ ಸಮೀಪದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ಪ್ರಯೋಗಗಳು ನಡೆಯುತ್ತಿದ್ದವು. ದೀಪದ ಬೆಳಕು ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುವುದೇ ಎಂಬುದು ಆರಂಭದ ಪ್ರಶ್ನೆಯಾಗಿತ್ತು. ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಅಧ್ಯಯನ ನಡೆಸಿ ಬಂದಿದ್ದ ಮಾನವಶಾಸ್ತ್ರಜ್ಞ ಲಾಯ್ಡ್ ವಾರ್ನರ್ ಅವರ ಸಲಹೆಯಂತೆ 1931ರ ಕೊನೆಯಲ್ಲಿ 14 ಕಾರ್ಮಿಕರನ್ನು ಒಂದು ಕೊಠಡಿಯಲ್ಲಿ ಕೂರಿಸಿ, ವೀಕ್ಷಕನೊಬ್ಬನನ್ನು ಅಲ್ಲೇ ನೇಮಿಸಲಾಯಿತು. ಟೆಲಿಫೋನ್ ವಿನಿಮಯ ಕೇಂದ್ರಗಳ ಉಪಕರಣಕ್ಕೆ ತಂತಿ ಜೋಡಿಸುವುದು ಅವರ ಕೆಲಸ. ಹೆಚ್ಚು ದುಡಿದರೆ ಹೆಚ್ಚು ಕೂಲಿ ಎಂಬ ವ್ಯವಸ್ಥೆ ಇದ್ದರೂ, ದಿನಕ್ಕೆ ಇಷ್ಟೇ ಕೆಲಸ ಎಂದು ಆ ಗುಂಪು ತನ್ನೊಳಗೇ ತೀರ್ಮಾನಿಸಿಕೊಂಡಿತ್ತು. ಮಿತಿ ಮೀರಿ ದುಡಿದವನ ತೋಳಿಗೆ ಸಂಗಡಿಗರು ಒಂದು ಗುದ್ದು ಕೊಡುತ್ತಿದ್ದರು.

ನಿರ್ವಹಣಾ ಪಂಡಿತರು ಇದನ್ನು ಬಹುಮಟ್ಟಿಗೆ ಕಾರ್ಮಿಕರ ಭಾವನೆಯ ಪ್ರಶ್ನೆಯೆಂದು ಓದಿಕೊಂಡರು. ಅವರ ಅಳಲಿಗೆ ಕಿವಿಗೊಡುವ ಸಮಾಲೋಚಕರನ್ನು 1936ರಿಂದ ನೇಮಿಸಲಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಆ ಗುದ್ದಿನಲ್ಲಿ ಭಾವನೆಗಿಂತ ಹೆಚ್ಚಾಗಿ ಲೆಕ್ಕಾಚಾರ ಕಾಣುತ್ತದೆ. ಅದು ಮಹಾಕುಸಿತದ ಕಾಲ. ಹೆಚ್ಚು ಉತ್ಪಾದಿಸಿದರೆ ದರ ಇಳಿದೀತು, ಇಲ್ಲವೇ ಕೆಲವರ ಕೆಲಸ ಹೋದೀತು ಎಂಬ ಭಯ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ಕೆಲಸದ ಅಭಾವದಿಂದಲೇ 1932ರ ಮೇ ತಿಂಗಳಲ್ಲಿ ಆ ವೀಕ್ಷಣೆಯೂ ನಿಂತುಹೋಯಿತು. ವೀಕ್ಷಕ ಕಂಡದ್ದು ಸತ್ಯ. ಅದನ್ನು ಓದಿದವರು ತಮ್ಮ ಅನುಕೂಲಕ್ಕೆ ಓದಿಕೊಂಡರು.

ಎಂಜಿನಿಯರುಗಳ ಲೋಕಕ್ಕೆ ಈ ವಿಧಾನ ಬಂದದ್ದು ಅರ್ಧ ಶತಮಾನದ ನಂತರ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್, ಜನ ನಕಲು ಯಂತ್ರದ ಮುಂದೆ ನಿಂತು ಏನು ಮಾಡುತ್ತಾರೆಂಬುದನ್ನು ವಿಡಿಯೊ ಮಾಡಿ ಅಧ್ಯಯನ ನಡೆಸಿದರು. ನುರಿತ ಕಂಪ್ಯೂಟರ್ ವಿಜ್ಞಾನಿಗಳೇ ಯಂತ್ರದ ಮುಂದೆ ದಿಕ್ಕು ತೋಚದೆ ನಿಂತ ದೃಶ್ಯ ಆ ಸಂಸ್ಥೆಯಲ್ಲಿ ಬಹುಕಾಲ ಮಾತಿಗೆ ವಸ್ತುವಾಯಿತು. ಮನುಷ್ಯರು ಮೊದಲೇ ಹಾಕಿಕೊಂಡ ಯೋಜನೆಯ ಪ್ರಕಾರ ಹೆಜ್ಜೆ ಹೆಜ್ಜೆಯಾಗಿ ನಡೆಯುವವರಲ್ಲ, ಸಂದರ್ಭ ಒದಗಿಸಿದ ಸುಳಿವುಗಳನ್ನು ಹಿಡಿದು ಮುಂದುವರಿಯುವವರು ಎಂದು 1987ರ ತಮ್ಮ ಪುಸ್ತಕದಲ್ಲಿ ಅವರು ಪ್ರತಿಪಾದಿಸಿದರು. ಆದರೆ ಲೋಕದ ಬಾಯಲ್ಲಿ ಉಳಿದದ್ದು, ಈ ಅಧ್ಯಯನದಿಂದಾಗಿ ಯಂತ್ರಕ್ಕೊಂದು ದೊಡ್ಡ ಹಸಿರು ಗುಂಡಿ ಬಂದಿತು ಎಂಬ ಕಥೆ. ಹೊಸ ಉಪಕರಣವನ್ನು ತನ್ನದಾಗಿಸಿಕೊಳ್ಳಲು ಮನುಷ್ಯ ಪಡಬೇಕಾದ ಶ್ರಮವನ್ನೇ ಇಂಥ ಗುಂಡಿಯ ಕಥೆ ಮರೆಮಾಚುತ್ತದೆ ಎಂದು ಸಚ್‌ಮನ್ ಮುಂದೆ ಸ್ಪಷ್ಟಪಡಿಸಬೇಕಾಯಿತು.

ಅದೇ ಸಂಸ್ಥೆಯ ಜೂಲಿಯನ್ ಆರ್ ಯಂತ್ರ ದುರಸ್ತಿ ಮಾಡುವ ತಂತ್ರಜ್ಞರೊಡನೆ ತಿರುಗಾಡಿದರು. ಕಂಪನಿ ಕೊಟ್ಟ ಕೈಪಿಡಿಯಲ್ಲಿ ಇಲ್ಲದ ತೊಂದರೆಗಳನ್ನು ಅವರು ಬಗೆಹರಿಸುತ್ತಿದ್ದುದು ಊಟದ ಹೊತ್ತಿನಲ್ಲಿ, ಕಾಫಿಯ ಹೊತ್ತಿನಲ್ಲಿ ಪರಸ್ಪರ ಹೇಳಿಕೊಂಡ ಕಥೆಗಳ ಸಹಾಯದಿಂದ. ಗಡಿಯಾರ ನೋಡುವ ಮೇಲಧಿಕಾರಿಗೆ ಅದು ಹರಟೆ. ಆರ್ ಅವರ ಕಣ್ಣಿಗೆ ಅದು ಜ್ಞಾನದ ಭಂಡಾರ. 1996ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನದ ಅರಿವಿನಿಂದ ಪ್ರೇರಿತವಾಗಿ, ತಂತ್ರಜ್ಞರೇ ತಮ್ಮ ಅನುಭವದ ಸಲಹೆಗಳನ್ನು ಬರೆದು ಹಂಚಿಕೊಳ್ಳುವ ‘ಯುರೇಕಾ’ ಎಂಬ ವ್ಯವಸ್ಥೆಯೂ ರೂಪುಗೊಂಡಿತು. ಇಲ್ಲಿ ಪ್ರಶ್ನೆಯೇ ಬದಲಾದದ್ದನ್ನು ಗಮನಿಸಬೇಕು. ಕೈಪಿಡಿಯನ್ನು ಹೇಗೆ ಉತ್ತಮಗೊಳಿಸುವುದು ಎಂಬಲ್ಲಿಂದ ಹೊರಟ ಯೋಚನೆ, ಬಲ್ಲವರು ಯಾರು ಎಂಬಲ್ಲಿಗೆ ಬಂದು ನಿಂತಿತು. ವಾಣಿಜ್ಯದಲ್ಲಿ ಈ ವಿಧಾನದ ಸಾರ್ಥಕ ಬಳಕೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಮಾರಾಟ ವಿಭಾಗದವರ ದಾರಿ ಬೇರೆ. 1994ರಲ್ಲಿ ಕೆಲಾಗ್ಸ್ ಕಂಪನಿ ಭಾರತಕ್ಕೆ ಬಂದಾಗ, ತಣ್ಣನೆಯ ಹಾಲಿಗೆ ಹೊಂದುವ ಅದರ ಗರಿಗರಿ ಚಕ್ಕೆಗಳು ನಮ್ಮ ಮನೆಗಳ ಬಿಸಿ ಹಾಲಿನಲ್ಲಿ ಮೆತ್ತಗಾದ ಕಥೆ ವಾಣಿಜ್ಯ ಶಾಲೆಗಳಲ್ಲಿ ಇಂದಿಗೂ ಪಾಠವಾಗಿದೆ. ಇಂಥ ಪಾಠಗಳ ನಂತರ ಮನೆಯೊಳಗೆ ಹೋಗಿ ನೋಡುವ ಪರಿಪಾಠ ಹೆಚ್ಚಿತು. 2003ರಲ್ಲಿ ನೋಕಿಯಾ ನಮ್ಮಂಥ ದೇಶಗಳನ್ನು ಗಮನದಲ್ಲಿಟ್ಟುಕೊಂಡು ಹೊರತಂದ 1100 ಮಾದರಿಯ ಫೋನನ್ನು ಓದುಗರು ನೆನಪಿಸಿಕೊಳ್ಳಬಹುದು. ಧೂಳು ತಡೆಯುವ ಗುಂಡಿಫಲಕ, ಕರೆಂಟು ಹೋದಾಗ ಹಾದಿ ತೋರುವ ಪುಟ್ಟ ಟಾರ್ಚು! ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನು ಅದು.

ಅದೇ ಕಂಪನಿಗಾಗಿ 2009ರಲ್ಲಿ ಚೀನಾದಲ್ಲಿ ಕೆಲಸ ಮಾಡಿದ ಟ್ರಿಷಿಯಾ ವಾಂಗ್ ತಮ್ಮ ಅನುಭವವನ್ನು ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. ಬೀದಿ ವ್ಯಾಪಾರಿಗಳು, ವಲಸೆ ಕಾರ್ಮಿಕರ ನಡುವೆ ಇದ್ದು, ಕಡಿಮೆ ಆದಾಯದವರೂ ಸ್ಮಾರ್ಟ್‌ಫೋನಿಗಾಗಿ ಎಷ್ಟಾದರೂ ಕಷ್ಟಪಡಲು ಸಿದ್ಧರಿದ್ದಾರೆಂದು ಅವರು ವರದಿ ಕೊಟ್ಟರು. ಕಂಪನಿ ಒಪ್ಪಲಿಲ್ಲ. ನಿಮ್ಮ ಮಾದರಿ ನೂರು ಜನರದ್ದು, ನಮ್ಮ ಬಳಿ ಲಕ್ಷಾಂತರ ಜನರ ಅಂಕಿಅಂಶಗಳಿವೆ ಎಂಬುದು ಅದರ ವಾದವಾಗಿತ್ತು. 2014ರ ಹೊತ್ತಿಗೆ ನೋಕಿಯಾದ ಫೋನು ವ್ಯವಹಾರ ಮೈಕ್ರೋಸಾಫ್ಟ್ ಪಾಲಾಯಿತು. ಆ ಕುಸಿತಕ್ಕೆ ಇದೊಂದೇ ಕಾರಣ ಎನ್ನುವುದು ಅತಿ ಸರಳೀಕರಣವಾದೀತು. ಆದರೂ ಮನೆಬಾಗಿಲಿಗೆ ಹೋಗಿ ಬಂದವರ ಮಾತು ಸಭೆಯ ಮೇಜಿನವರೆಗೆ ತಲುಪಿ ಅಲ್ಲಿ ಬಿದ್ದುಹೋಗುವ ಬಗೆಯನ್ನು ಈ ಪ್ರಸಂಗ ಚೆನ್ನಾಗಿ ತೋರಿಸುತ್ತದೆ. ತಾವು ಮೊದಲೇ ನಂಬಿದ್ದನ್ನು ಸಮರ್ಥಿಸಿದರೆ ನೂರು ಜನರ ಕಥೆ ‘ಒಳನೋಟ’. ಸಮರ್ಥಿಸದಿದ್ದರೆ ಬರೀ ಕಥೆ.

ಉಳಿದವರ ತಪ್ಪುಗಳನ್ನು ಎಣಿಸಿದ ಮೇಲೆ ನನ್ನ ವೃತ್ತಿಯ ಮಾತನ್ನೂ ಆಡಬೇಕು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1950ರ ದಶಕದ ಮಧ್ಯಭಾಗದಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು. ವಂಗಲ, ದಲೇನ ಎಂಬುವು ಅವರು ಇಟ್ಟ ಕಲ್ಪಿತ ಹೆಸರುಗಳು. ಒಂದಕ್ಕೆ ನಾಲೆಯ ನೀರು ಬಂದಿತ್ತು. ಎತ್ತರದಲ್ಲಿದ್ದ ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಊರು ಎಲ್ಲ ರೀತಿಯಲ್ಲೂ ಬದಲಾಗಿರುತ್ತದೆ ಎಂದು ನನ್ನಂಥ ಅರ್ಥಶಾಸ್ತ್ರಜ್ಞ ಹೇಳಿಯಾನು. ಅಲ್ಲಿ ಕಂಡದ್ದು ಬೇರೆ. ನೀರಾವರಿಯ ಊರು ಸಿರಿವಂತವಾದರೂ ಬೇಸಾಯದಲ್ಲೇ ನೆಲೆ ನಿಂತು, ಒಡೆಯ-ಆಳಿನ ವಂಶಪಾರಂಪರ್ಯ ಸಂಬಂಧಗಳನ್ನು ಉಳಿಸಿಕೊಂಡಿತು. ನೀರಿಲ್ಲದ ಊರಿನವರು ಮಂಡ್ಯ ಪೇಟೆಯ ಕಡೆಗೆ, ಕಾರ್ಖಾನೆಯ ಕೆಲಸ, ವ್ಯಾಪಾರ, ಗುತ್ತಿಗೆಗಳ ಕಡೆಗೆ ಮುಖ ಮಾಡಿದರು. ಹಳೆಯ ಸಂಬಂಧಗಳು ಸಡಿಲಗೊಂಡದ್ದು ಅಲ್ಲಿ. 1962ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ. ಓದಿದ್ದು ಪರೀಕ್ಷೆಗೆ, ನಡತೆಗೆ ಇಳಿಯಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಕಿರಿಯ ಅಧಿಕಾರಿಯಾಗಿದ್ದ ನನ್ನ ಪಾಲಿಗೆ ಹೊಗೆರಹಿತ ಒಲೆಗಳ ಉಸ್ತುವಾರಿಯೂ ಬಂದಿತ್ತು. ಗುರಿ ಇತ್ತು, ಗಡುವು ಇತ್ತು. ಮಾರ್ಚ್ ಕೊನೆಗೆ ಶೇ 100ರಷ್ಟು ಸಾಧನೆ ಎಂದು ವರದಿ ಕಳುಹಿಸಿ ಮೇಲಿನವರ ಮೆಚ್ಚುಗೆ ಪಡೆದೆ. ಮರುವರ್ಷ ಪ್ರವಾಸದಲ್ಲಿದ್ದಾಗ ಮಳೆ ಹಿಡಿದು, ಹಳ್ಳಿಯ ಮನೆಯೊಂದರೊಳಗೆ ಕೂರಬೇಕಾಯಿತು. ನಾವು ಕಟ್ಟಿಸಿದ್ದ ಒಲೆಯ ಬಾಯಿಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಪಕ್ಕದಲ್ಲೇ ಮೂರು ಕಲ್ಲಿನ ಹಳೆಯ ಒಲೆ ಉರಿಯುತ್ತಿತ್ತು. ‘ಇದ್ರ ಮ್ಯಾಲೆ ಹಿಟ್ಟು ತೊಳ್ಸಕ್ಕೆ ಆಗಕ್ಕಿಲ್ಲ ಸ್ವಾಮಿ’ ಎಂದರು ಆ ಮನೆಯ ಅಜ್ಜಿ. ಮುದ್ದೆ ಕೋಲು ಹಿಡಿದು ಬಲವಾಗಿ ತಿರುವಿದರೆ ಒಲೆಯ ಅಂಚು ಬಿರುಕು ಬಿಡುತ್ತಿತ್ತು. ಮೇಲಾಗಿ, ಅಟ್ಟದ ಮೇಲಿನ ಕಾಳಿಗೆ ಹುಳು ಹಿಡಿಯದಿರಲು ಆ ಹೊಗೆಯೇ ಅವರಿಗೆ ಬೇಕಿತ್ತು. ಹೊಗೆಯಿಂದ ಅವರ ಕಣ್ಣು ಕೆಂಪಾಗಿತ್ತೆಂಬುದೂ ನಿಜ, ಅದರಿಂದ ಮುಕ್ತಿ ಬೇಕಿತ್ತೆಂಬುದೂ ನಿಜ. ಒಲೆ ಕಟ್ಟುವ ಮುನ್ನ ಒಂದು ಸಂಜೆ ಆ ಅಡುಗೆಮನೆಯಲ್ಲಿ ಕೂತಿದ್ದರೆ ಸಾಕಾಗಿತ್ತು. ನನ್ನ ನಮೂನೆಯಲ್ಲಿ ಒಲೆ ಇದೆಯೇ ಎಂಬ ಅಂಕಣವಿತ್ತು. ಅದರಲ್ಲಿ ಅಡುಗೆಯಾಗುತ್ತದೆಯೇ ಎಂಬ ಅಂಕಣವಿರಲಿಲ್ಲ.

ಎಪ್‌ಸ್ಟೈನ್ ಮುಂದಿನ ವರ್ಷಗಳಲ್ಲಿ ಮಾರುಕಟ್ಟೆ ಸಂಶೋಧನೆಯ ವಿಧಾನಗಳನ್ನೇ ಅಭಿವೃದ್ಧಿ ಯೋಜನೆಗಳಿಗೆ ಅಳವಡಿಸಬೇಕೆಂದು ವಾದಿಸಿದರೆಂಬುದು ಇಲ್ಲಿ ಉಲ್ಲೇಖಾರ್ಹ. ಸಾಬೂನು ಮಾರುವವನು ತನ್ನ ಗ್ರಾಹಕರನ್ನು ಅರಿಯಲು ಪಡುವಷ್ಟು ಶ್ರಮವನ್ನು ಸರ್ಕಾರ ತನ್ನ ಫಲಾನುಭವಿಗಳಿಗಾಗಿ ಪಡಬಾರದೇಕೆ? ಹೀಗಾಗಿ ಮಾನವಶಾಸ್ತ್ರ ಮಾರುಕಟ್ಟೆಗೆ ಬಂದದ್ದೇ ಅಪಚಾರವೆಂದು ಮೂಗು ಮುರಿಯುವವರ ಪೈಕಿ ನಾನಲ್ಲ. ಕಂಪನಿಗಳಲ್ಲಿ ದುಡಿಯುವ ಈ ವಿಧಾನದ ತಜ್ಞರು 2005ರಿಂದ ತಮ್ಮದೇ ಸಮ್ಮೇಳನ ನಡೆಸುತ್ತ, ತಮ್ಮ ವೃತ್ತಿಯ ಇತಿಮಿತಿಗಳನ್ನು ಚರ್ಚಿಸುತ್ತಲೂ ಇದ್ದಾರೆ.

ಆದರೂ ಒಂದು ವ್ಯತ್ಯಾಸವನ್ನು ಮರೆಯಲಾಗದು. ಶ್ರೀನಿವಾಸ್, ಎಪ್‌ಸ್ಟೈನ್ ತಾವು ಕಂಡದ್ದನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ಮತ್ತೆ ಅದೇ ಹಳ್ಳಿಗಳಿಗೆ ಹೋದರು. ನಮ್ಮ ಬಗ್ಗೆ ಏನು ಬರೆದಿರಿ ಎಂದು ಕೇಳುವ ಅವಕಾಶ ಊರಿನವರಿಗಿತ್ತು. ಕಂಪನಿಯ ಅಧ್ಯಯನ ಸಾಮಾನ್ಯವಾಗಿ ವ್ಯಾಪಾರದ ಗುಟ್ಟಾಗಿ ಬೀರು ಸೇರುತ್ತದೆ. ನಮ್ಮ ಬದುಕಿನ ವಿವರವನ್ನು ನಾವೇ ಓದಲಾರೆವು. ಮಾಹಿತಿ ಯಾರಿಗೆ ಸಂಬಂಧಿಸಿದ್ದೋ ಅವರ ತಿಳಿವಳಿಕೆಯುಳ್ಳ ಸಮ್ಮತಿ ಅಗತ್ಯವೆಂಬ ತತ್ತ್ವವನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಒಪ್ಪಿಕೊಂಡಿದೆ. ತತ್ತ್ವ ನಮ್ಮ ಹಿತ್ತಿಲಿನವರೆಗೆ ಬರಬೇಕಷ್ಟೆ.

ಈ ಹಿನ್ನೆಲೆಯಲ್ಲಿ ಕೆಲವು ಸಾಮಾನ್ಯ ವಿವೇಕದ ನಿಯಮಗಳನ್ನು ಸೂಚಿಸಬಹುದು. ಎರಡು ಗಂಟೆಯ ಭೇಟಿಯನ್ನು ಭೇಟಿ ಎಂದೇ ಕರೆಯೋಣ. ದೊಡ್ಡ ಹೆಸರು ಅದಕ್ಕೆ ಇಲ್ಲದ ಅಧಿಕಾರವನ್ನು ಕೊಡುತ್ತದೆ. ಕ್ಯಾಮೆರಾದ ಎದುರು ಬರುವ ಪ್ರತಿಯೊಬ್ಬರ ಒಪ್ಪಿಗೆಯನ್ನೂ, ಮನೆಯ ಯಜಮಾನಿಯ ಸಹಿಯ ನೆರಳಿನಲ್ಲಿ ಅಲ್ಲದೆ, ಅವರವರ ಭಾಷೆಯಲ್ಲಿ ಕೇಳಿ ಪಡೆಯಲಿ. ಕಂಡುಕೊಂಡದ್ದರ ಸಾರವನ್ನು ಅವರಿಗೆ ಹಿಂದಿರುಗಿ ತಿಳಿಸಲಿ. ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎಂದು ಹೇಳುವ ಸ್ವಾತಂತ್ರ್ಯ ಅಧ್ಯಯನಕಾರರಿಗೆ ಕಂಪನಿಯೊಳಗೆ ಇರಲಿ. ಸರ್ಕಾರಕ್ಕೂ ಈ ನಾಲ್ಕು ಮಾತುಗಳು ಅಷ್ಟೇ ಅನ್ವಯಿಸುತ್ತವೆ.

ಕೆಲವು ವಾರಗಳ ನಂತರ ಆ ತರುಣಿ ಎರಡನೆಯ ಭೇಟಿಗಾಗಿ ಫೋನು ಮಾಡಿದಳು. ‘ನಮ್ಮನ್ನು ಕೇಳಬೇಡಮ್ಮ, ಮೊದಲು ಆಕೆಯನ್ನು ಕೇಳು’ ಎಂದಳು ನನ್ನ ಪತ್ನಿ. ಮನೆಗೆಲಸದ ಆ ಹೆಣ್ಣುಮಗಳಿಗೆ ವಿಷಯ ತಿಳಿಸಿದಾಗ ಅವಳು ಮೊದಲು ಕೇಳಿದ್ದು, ‘ಅವತ್ತು ತೆಗ್ದಿದ್ರಲ್ಲ, ಅದ್ರಲ್ಲಿ ನನ್ ಮುಖಾನೂ ಬಂದಿದ್ಯಾ ಅಮ್ಮಾ?’ ಎಂದು. ನಮ್ಮಿಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಅವಳೆದುರು ನಾನು ತಲೆ ತಗ್ಗಿಸಬೇಕಾಯಿತು. ಆ ಕಾಗದದ ಸಹಿ ನಮ್ಮ ಮನೆಯದು.

ಅವಳು ಒಪ್ಪಿದಳು. ತರುಣಿ ಈ ಬಾರಿ ಕ್ಯಾಮೆರಾ ಇಲ್ಲದೆ ಒಬ್ಬಳೇ ಬಂದು, ಒಗೆಯುವ ಕಲ್ಲಿನ ಪಕ್ಕ ಒಂದು ಗಂಟೆ ಕೂತಳು. ಒಳಗಿದ್ದ ನನಗೂ ಮಾತು ಕೇಳಿಸುತ್ತಿತ್ತು. ‘ನಾಲ್ಕ್ ಮನೇಲಿ ನಾಲ್ಕ್ ಥರ ಮಿಷನ್ ಮೇಡಂ. ಒಂದ್ರಲ್ಲೂ ಕನ್ನಡ ಇಲ್ಲ. ದೀಪ ಎಲ್ಲಿ ಹತ್ಕೊಳುತ್ತೆ ಅಂತ ಗುರ್ತು ಇಟ್ಕೊಂಡಿದೀನಿ.’ ನಾಲ್ಕು ಮನೆಗಳ ಯಂತ್ರಗಳನ್ನು ದಿನವೂ ನಡೆಸುವ ಆಕೆ, ಕೊಂಡವಳಲ್ಲವಾದ್ದರಿಂದ ಯಾವ ಕಂಪನಿಯ ಲೆಕ್ಕದಲ್ಲೂ ಗ್ರಾಹಕಳಲ್ಲ. ತರುಣಿ ಅದನ್ನು ಬರೆದುಕೊಂಡಳು. ಆ ಬರಹ ಕಂಪನಿಯ ಸಭೆಯವರೆಗೆ ತಲುಪಿತೋ ಇಲ್ಲವೋ, ನಮಗೆ ಇನ್ನೂ ತಿಳಿದುಬಂದಿಲ್ಲ.